ಕಾಂದೆಲಾ ಓಣಿಗೆ ಬಂದ ದಿನ

"ಎಡಕ್ಕೆ ತಿರುಗಿಸ್ರೋ," ಎನ್ನುತ್ತ ಮಿಲಾಗ್ರೋಸ್ ಶವಪೆಟ್ಟಿಗೆಯ ಅಂಚು ಹಿಡಿದು ಎಳೆದಳು. ಹೊತ್ತಿದ್ದ ಆರು ಗಂಡಸರೂ ಚರ್ಚಿನ ಮುಂದೆ ಮುಗ್ಗರಿಸಿದರು.

"ಅಮ್ಮಾ, ಸ್ಮಶಾನ ಬಲಕ್ಕಲ್ವಾ? ಟೀವಿಯವ್ರೆಲ್ಲ ಅಲ್ಲೇ ಕಾಯ್ತಿದಾರೆ," ಎಂದ ಮುಂದೆ ಹೆಗಲು ಕೊಟ್ಟಿದ್ದ ಮಗ ಹೆರಾರ್ದೊ.

"ಕಾಯ್ಲಿ ಬಿಡು. ನಮ್ಮಕ್ಕ ಹುಟ್ಟಿದ ಓಣಿ ನೋಡ್ಕೊಂಡು ಹೋಗ್ತಾಳೆ."

ಹೆರೆಸ್ ಊರಿನ ಬೀದಿಗಳೆಲ್ಲ ಜನರಿಂದ ತುಂಬಿದ್ದವು. ಸ್ಪೇನಿನಲ್ಲಿ ಅವಳಕ್ಕ ಕಾಂದೆಲಾಳ ಹಾಡು ಕೇಳದವರಿರಲಿಲ್ಲ; ಮದುವೆಮನೆಯಲ್ಲಿ, ಲಾರಿಗಳಲ್ಲಿ, ಮೀನಿನಂಗಡಿಯಲ್ಲಿ ಅವಳದೇ ದನಿ. ಈ ಓಣಿಗೆ ಮಾತ್ರ ಅವಳು ಮೂವತ್ತು ವರ್ಷದಿಂದ ಕಾಲಿಟ್ಟಿರಲಿಲ್ಲ.

*

ಅಪ್ಪ ಕಮ್ಮಾರ, ಕುಲುಮೆಯ ಮುಂದೆ ಕೂತು ಬರೀ ಚಪ್ಪಾಳೆ ತಾಳಕ್ಕೆ ಫ್ಲಮೆಂಕೊ ಎಂಬ ಹಳೇ ಧಾಟಿ ಹಾಡುವವನು. ಮೂವತ್ತು ವರ್ಷದ ಹಿಂದೆ ಒಂದು ದಿನ, ಅವನ ಹಾಡಿಗೆ ಡ್ರಮ್ಮು, ಕರೆಂಟಿನ ಗಿಟಾರು ಸೇರಿಸಿದ ತನ್ನ ಮೊದಲ ರೆಕಾರ್ಡನ್ನು ಕಾಂದೆಲಾ ತಂದು ಮೇಜಿನ ಮೇಲಿಟ್ಟಳು. "ಇದು ಹಾಡಲ್ಲ ಕಣೇ, ಸಂತೆ ಗದ್ದಲ," ಎಂದ ಅಪ್ಪನ ಗೆಳೆಯ ಬಸ್ತಿಯಾನ್ ಮಾವ. ಅಪ್ಪ ಬಾಗಿಲು ತೋರಿಸಿದ.

ಹೊಸ್ತಿಲಲ್ಲಿ ನಿಂತು ಅವಳು ತಂಗಿಯ ಕಡೆ ತಿರುಗಿದಳು. "ಬಾರೇ ಮಿಲಾ. ನೀನಿಲ್ದೆ ನಂಗ್ಯಾರೇ ಚಪ್ಪಾಳೆ ತಾಳ ಹಾಕೋರು?"

ಮಿಲಾಗ್ರೋಸ್ ತನ್ನ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. ಆಮೇಲೆ ಎಷ್ಟೋ ಸಲ ಫೋನಿನಲ್ಲಿ ಮಾತಾಡಿದರು. ತಾಳದ ವಿಷಯ ಮಾತ್ರ ಇಬ್ಬರೂ ಎತ್ತಲಿಲ್ಲ.

*

ಓಣಿಯ ಬಾಯಿಗೆ ತೊಂಬತ್ತರ ಮುದುಕ ಬಸ್ತಿಯಾನ್ ಕೋಲು ಅಡ್ಡ ಹಿಡಿದು ನಿಂತಿದ್ದ. ಮಹಡಿಗಳಲ್ಲಿ ಕಿಕ್ಕಿರಿದಿದ್ದ ಹೆಂಗಸರು ಕೆಳಕ್ಕೆ ಬಗ್ಗಿ ನೋಡಿದರು. ಮಿಲಾಗ್ರೋಸ್ ಮುಂದೆ ಬಂದಳು.

"ದಾರಿ ಬಿಡು ಮಾವ."

"ಬಿಡ್ತೀನಿ ತಡಿ. ಅವತ್ತು ಹಾಡಲ್ಲ ಅಂದಿದ್ದೆ. ಈಗ್ಲೂ ಅದನ್ನೇ ಅಂತೀನಿ."

"ಸತ್ತಮೇಲೂ ಜಗಳಾನಾ?"

"ಬದುಕಿದ್ದಾಗ ಜಗಳ ಆಡೋಕೆ ಬರ್ಲೇ ಇಲ್ವಲ್ಲೇ ಅವ್ಳು. ಕಾದೂ ಕಾದೂ ಸಾಕಾಯ್ತು." ಮುದುಕ ಕೋಲನ್ನು ಪೆಟ್ಟಿಗೆಯ ಕಡೆ ಚಾಚಿದ. "ಹಾಡಲ್ಲ, ನಿಜ. ಆದ್ರೆ ತಾಳ ನಮ್ದೇ. ಹಿಂಗೆ ಮೂಗಿ ಥರ ಕರ್ಕೊಂಡೋಗ್ತೀಯಾ ಅವ್ಳನ್ನ? ಹಾಕೇ."

ಮಿಲಾಗ್ರೋಸ್ ಕೈ ಎತ್ತಿದಳು. ಮೊದಲ ಚಪ್ಪಾಳೆ ಬಡವಾಗಿ ಬಿತ್ತು. ಎರಡನೆಯದಕ್ಕೆ ಅಂಗೈ ಉರಿಯಿತು. ಮೂರನೆಯದಕ್ಕೆ ಮುದುಕನ ಕೋಲು ಕಲ್ಲುಹಾಸಿನ ಮೇಲೆ ಮರುತಾಳ ಕುಟ್ಟಿತು. ಆಮೇಲೆ ಒಂದು ಮಹಡಿ, ಅದರ ಎದುರಿನ ಮಹಡಿ, ಹಿಂದಿದ್ದ ಬೀದಿ ಪೂರ್ತಿ ಸೇರಿಕೊಂಡಿತು. ಅವಳಿಗೆ ಅಳುವೂ ನಗುವೂ ಒಟ್ಟಿಗೇ ಉಕ್ಕಿ ಬಂದವು, ತಾಳ ತಪ್ಪಲಿಲ್ಲ.

ಹೊತ್ತ ಹೆಗಲುಗಳೂ ತಾಳಕ್ಕೆ ಸಿಕ್ಕವು. ಪೆಟ್ಟಿಗೆ ಏರಿ ಇಳಿದು, ಏರಿ ಇಳಿದು ಓಣಿಯೊಳಕ್ಕೆ ಬಂತು. ಅದರ ಮೇಲಿನ ಹೂಮಾಲೆಗಳು ಒಂದೊಂದಾಗಿ ಜಾರಿ ಕಾಲಡಿಗೆ ಬಿದ್ದವು. ಎತ್ತಿಕೊಳ್ಳಲು ಯಾರ ಕೈಗೂ ಬಿಡುವಿರಲಿಲ್ಲ.