ಅಮ್ಮನ ಎಡಗೈ

ಬಿಸಿನೀರಿನ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಹಿಂಬಾಗಿಲ ಮೆಟ್ಟಿಲು ಹತ್ತುವಾಗ ಕಿರಿಮಗಳು ತನಗೆ ತಾನೇ ಒಪ್ಪಿಕೊಂಡಳು: ಅಳು ಬರುತ್ತಿಲ್ಲ, ಹೊಟ್ಟೆ ಉರಿಯುತ್ತಿದೆ. ಅದೂ ಅಮ್ಮನನ್ನು ಮಣ್ಣು ಮಾಡುವ ದಿನ. ಯಾರಾದರೂ ಮುಖ ನೋಡಿ ಕಂಡುಹಿಡಿದುಬಿಟ್ಟರೆ?

ನಡುಮನೆಯಲ್ಲಿ ಪಕ್ಕದ ಜಮೀನಿನ ಮುದುಕನ ಮಾತು ನಡೆದಿತ್ತು.

"ಇಲ್ಲಿ ಏನಿತ್ತು ಆಗ? ಬರೀ ಕಲ್ಲು, ಮುಳ್ಳು. ಗಂಡ ಸತ್ತೋಳು, ಎರಡು ಹೆಣ್ಣು ಕಟ್ಕೊಂಡು ಬಂದ್ಲು. ಆಮೇಲೆ ಕೈಯೂ ಹೋಯ್ತು. ಇನ್ನೇನು, ಗಂಟುಮೂಟೆ ಕಟ್ತಾಳೆ ಅಂದ್ಕೊಂಡೆ."

"ಮೂರೇ ವರ್ಷಕ್ಕೆ ಬೀಜ ಕೇಳ್ಕೊಂಡು ಅವಳ ಬಾಗಿಲಿಗೇ ಬಂದ್ರಲ್ಲ," ಎಂದಳು ಚಿಕ್ಕಮ್ಮ.

"ಬಂದೆ. ಚೆನ್ನಾಗಿ ಬೈದು, ಆಮೇಲೆ ಕೊಟ್ಲು." ಮುದುಕ ಮೂಗೊರೆಸಿಕೊಂಡ. "ಆದ್ರೂ ದೊಡ್ಡೋಳು ಇಲ್ದಿದ್ರೆ ಆಗ್ತಿರ್ಲಿಲ್ಲ ಬಿಡಿ. ಅಮ್ಮನ ಎಡಗೈ ಅಂದ್ರೆ ಅವಳೇ."

ಎಲ್ಲರೂ ಅಕ್ಕನತ್ತ ತಿರುಗಿದರು. ಬಕೆಟ್ ಹಿಡಿದು ನಿಂತವಳಿಗೆ ದಾರಿ ಬಿಡಲೂ ಮರೆತರು.

* * *

ಮೇವು ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಅಮ್ಮನ ಎಡಗೈ ಮೊಣಕೈವರೆಗೆ ಹೋದಾಗ ಅಕ್ಕನಿಗೆ ಹತ್ತು ವರ್ಷ, ಇವಳಿಗೆ ನಾಲ್ಕು. ಗಾಯ ಪೂರ್ತಿ ಮಾಯುವ ಮೊದಲೇ ಅಮ್ಮ ಹಾರೆ ಹಿಡಿದಿದ್ದಳು. ಕಲ್ಲಿನಡಿಗೆ ಅದನ್ನು ತೂರಿಸಿ ಭುಜ ಕೊಟ್ಟು ಒತ್ತುವಳು; ಕಲ್ಲು ಅಲುಗಿದ ಕ್ಷಣ ಅಕ್ಕ ಸಂದಿಗೆ ಮರದ ತುಂಡು ಸಿಕ್ಕಿಸಬೇಕು. "ಎಲ್ಲಿ ಹೋಯ್ತೇ ನನ್ನ ಎಡಗೈ?" ಎಂದು ಅಮ್ಮ ಕೂಗಿದರೆ ಅಕ್ಕ ತಟ್ಟೆ ಬಿಟ್ಟು ಓಡುತ್ತಿದ್ದಳು.

ಒಮ್ಮೆ ಅಕ್ಕನಿಗಿಂತ ಮುಂಚೆ ಇವಳೇ ಮರದ ತುಂಡು ಎತ್ತಿಕೊಂಡು ಓಡಿದಳು. ಅಮ್ಮ ಕಲ್ಲಿನಿಂದ ಕಣ್ಣು ತೆಗೆಯಲಿಲ್ಲ.

"ನೀನ್ ಬೇಡ. ಹೋಗು, ನೆರಳಲ್ಲಿ ಕೂತು ಓದ್ಕೋ."

ಕೂತಳು. ಶಾಲೆ, ಕಾಲೇಜು, ಪದವಿ ಎಲ್ಲ ಆ ನೆರಳಲ್ಲೇ ಮುಗಿಯಿತು. ಪುಣ್ಯವಂತೆ ಎಂದರು ಜನ.

* * *

ಕೋಣೆಯ ಬಾಗಿಲು ಹಾಕಿಕೊಂಡು ಅಕ್ಕತಂಗಿಯರು ಅಮ್ಮನ ಮೈ ತೊಳೆದರು. ಅಮ್ಮನಿಗೆ ತೊಡಿಸಲು ಒಗೆದಿಟ್ಟ ಅಂಗಿಯನ್ನು ಕಿರಿಯಳು ಬೇಗನೆ ಎತ್ತಿಕೊಂಡಳು. ಇದೊಂದಾದರೂ ತನ್ನ ಪಾಲಿಗಿರಲಿ. ಬಲಗೈಗೆ ತೋಳು ಏರಿಸಿದಳು, ಬೆನ್ನಡಿಯಿಂದ ಬಟ್ಟೆ ಎಳೆದಳು. ಅಂಗಿ ಅಲ್ಲಿಗೇ ಬಿಗಿದು ನಿಂತಿತು. ಮೋಟುಗೈ ಏನು ಮಾಡಿದರೂ ಒಳಗೆ ಹೋಗಲೊಲ್ಲದು.

"ಮೋಟುಗೈ ಮೊದಲು ಹಾಕ್ಬೇಕು ಕಣೇ," ಎಂದಳು ಅಕ್ಕ ಮೆಲ್ಲಗೆ. "ಬಲಗೈ ಆಮೇಲೆ. ಇಪ್ಪತ್ತು ವರ್ಷ ದಿನಾ ಹಂಗೇ ಹಾಕಿದೀನಿ."

"ನಂಗೆ ಯಾರು ಹೇಳಿದ್ರು?"

"ನಿಂಗ್ಯಾಕೆ ಬೇಕಿತ್ತು ಅದೆಲ್ಲ? ಬಿಡು, ನಾನ್ ಹಾಕ್ತೀನಿ."

ಅವಳು ಬಿಡಲಿಲ್ಲ. ಅಕ್ಕ ಎಳೆದಳು. ಎಲ್ಲೋ ಒಂದು ಹೊಲಿಗೆ ಪಟ್ಟೆಂದಿತು. ಅಂಗಿಯ ಎರಡು ಅಂಚು ಇಬ್ಬರ ಮುಷ್ಟಿಯಲ್ಲಿ. ನಡುವೆ, ಒಂದು ಭುಜ ಮಾತ್ರ ಮುಚ್ಚಿಕೊಂಡು, ಅಮ್ಮ.

"ಹರಿಯುತ್ತೆ ಬಿಡೇ! ಏನಾಗಿದೆ ನಿಂಗೆ?"

"ಹೊಟ್ಟೆಕಿಚ್ಚು," ಎಂದಳು ತಂಗಿ. ದನಿ ಬಾಗಿಲಾಚೆಗೂ ಕೇಳುವಷ್ಟಿತ್ತು. "ನಿನ್ನ ಮೇಲೆ, ಅಕ್ಕಾ. ಅಮ್ಮ ಯಾವತ್ತೂ ಕೂಗಿದ್ದು ನಿನ್ನನ್ನೇ."