ಅಳಿಸಿದ ಕಂಬಗಳು

ಅಣ್ಣಿಗೇರಿಯ ಶಬೀನಾಳ ಅಡುಗೆಮನೆ ಸುತ್ತಲಿನ ಹಳ್ಳಿಗಳಲ್ಲೆಲ್ಲ ಹೆಸರು ಮಾಡಿತ್ತು. ಅದನ್ನು ಕಣ್ಣಾರೆ ಕಂಡವರು ಬೆರಳೆಣಿಕೆಯಷ್ಟು ಜನ, ಉಳಿದವರೆಲ್ಲ ಫೋನಿನಲ್ಲಿ ನೋಡಿದವರು. ‘ನಮ್ಮ ಅಡಗಿಮನಿ’ ಎಂಬ ವಾಟ್ಸಾಪ್ ಗುಂಪಿನಲ್ಲಿ ಇನ್ನೂರು ಚಿಲ್ಲರೆ ಹೆಂಗಸರಿದ್ದರು. ಒಬ್ಬಳು ಸಿಂಕಿನ ಕೆಳಗೆ ಬಾಗಿಲು ಕೂಡಿಸಿದ್ದನ್ನು ತೋರಿಸುವಳು, ಇನ್ನೊಬ್ಬಳು ಗೋಡೆಯ ಹಳೆಯ ಗೂಡಿನಲ್ಲಿ ಗಾಜಿನ ಹಲಗೆ ಹಾಕಿ ಡಬ್ಬಿ ಜೋಡಿಸಿದ್ದನ್ನು ತೋರಿಸುವಳು. ಉಳಿದವರು ಹೂವಿನ ಚಿತ್ರ, ಕೈಮುಗಿದ ಚಿತ್ರ ಕಳಿಸಿ ಹೊಗಳುವರು. ಇಪ್ಪತ್ತು ವರ್ಷ ರೊಟ್ಟಿ ಬಡಿದರೂ ಮನೆಯಲ್ಲಿ ಒಂದು ಒಳ್ಳೆಯ ಮಾತು ಕೇಳದ ಹೆಂಗಸಿಗೆ ಈ ಗುಂಪಿನಲ್ಲಿ ಹೊಗಳಿಕೆ ಧಾರಾಳವಾಗಿ ಸಿಗುತ್ತಿತ್ತು. ಅದಕ್ಕೇ ಯಾರೂ ಗುಂಪು ಬಿಟ್ಟು ಹೋಗುತ್ತಿರಲಿಲ್ಲ.

ಶಬೀನಾಳದು ಹಳೆಯ ಮಣ್ಣಿನ ಮಾಳಿಗೆ ಮನೆ. ಮೇಲೆ ಗೇಣುಗಟ್ಟಲೆ ಮಣ್ಣು, ಅದರ ಕೆಳಗೆ ಸಾಲು ಜಂತಿ, ಜಂತಿಗಳನ್ನೆಲ್ಲ ಹೊತ್ತ ಒಂದು ದಪ್ಪ ತೊಲೆ. ಪಡಸಾಲೆಗೂ ಅಡುಗೆಮನೆಗೂ ನಡುವೆ ಮೊಳ ದಪ್ಪದ ಗೋಡೆಯಿತ್ತು, ತೊಲೆ ಕೂತದ್ದು ಅದರ ಮೇಲೆಯೇ. ಹೋದ ವರ್ಷ ಆ ಗೋಡೆ ತೆಗೆಸಿ, ಕಪ್ಪು ಗ್ರಾನೈಟ್ ಕಟ್ಟೆ ಕಟ್ಟಿಸಿ, ಒಲೆಯ ಹಿಂದಿನ ಗೋಡೆಗೆ ತಿಳಿನೀಲಿ ಟೈಲ್ಸ್ ಹಚ್ಚಿಸಿದರು. ಗಂಡ ರಮಜಾನ್ ವೆಲ್ಡಿಂಗ್ ಕೆಲಸದವನು. ಗೋಡೆಗೆ ಮೊದಲ ಏಟು ಬೀಳುವ ಮುಂಚೆಯೇ ಅವನು ಎರಡು ಕಬ್ಬಿಣದ ಕಂಬ ನಿಲ್ಲಿಸಿ, ಅವುಗಳ ಮೇಲೆ ಒಂದು ಗರ್ಡರ್ ಮಲಗಿಸಿ ತೊಲೆಗೆ ಆಸರೆ ಕೊಟ್ಟಿದ್ದ.

ಗಟ್ಟಿಯೇನೋ ಗಟ್ಟಿ. ಆದರೆ ನೋಡಲು ಮಾತ್ರ ಅಸಹ್ಯ. ತುಕ್ಕಿನ ಬಣ್ಣದ ಎರಡು ಕಂಬ, ನೀಲಿ ಟೈಲ್ಸಿನ ಮುಂದೆ ಜಪ್ತಿಗೆ ಬಂದ ಪೊಲೀಸರ ಹಾಗೆ ನಿಂತಿದ್ದವು. ಬಣ್ಣ ಹಚ್ಚಿಕೊಡಿ ಅಂದರೆ ರಮಜಾನನಿಗೆ ಪುರಸೊತ್ತಿಲ್ಲ. ಶಬೀನಾ ಪ್ಲಾಸ್ಟಿಕ್ ಬಳ್ಳಿ ಸುತ್ತಿ ನೋಡಿದಳು, ಇನ್ನೂ ಕೆಟ್ಟದಾಗಿ ಕಂಡಿತು. ಕೊನೆಗೆ ಫೋಟೋ ತೆಗೆದು, ಫೋನಿನಲ್ಲಿ ಬೇಡವಾದದ್ದನ್ನು ಬೆರಳಿನಿಂದ ಉಜ್ಜಿದರೆ ಅಳಿಸಿಹೋಗುವ ಒಂದು ಸೌಲಭ್ಯವಿದೆಯಲ್ಲ, ಅದರಿಂದ ಎರಡು ಕಂಬವನ್ನೂ ಗರ್ಡರನ್ನೂ ಉಜ್ಜಿದಳು. ಕಂಬ ಇದ್ದ ಜಾಗದಲ್ಲಿ ಫೋನು ತಾನೇ ಟೈಲ್ಸ್ ತುಂಬಿಕೊಂಡಿತು. ‘ಗ್ವಾಡಿ ತಗದ್ವಿ, ಮನಿ ಎರಡರಷ್ಟು ಅಗಲಾತು’ ಎಂದು ಬರೆದು ಗುಂಪಿಗೆ ಹಾಕಿದಳು. ಮಾಳಿಗೆ ಯಾವುದರ ಮೇಲೆ ನಿಂತಿದೆ ಎಂದು ಇನ್ನೂರು ಜನರಲ್ಲಿ ಒಬ್ಬಳೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಮದುವೆಯ ಫೋಟೋಕ್ಕೆ ಮುಖಕ್ಕೆ ಪೌಡರ್ ಹಚ್ಚುವುದಿಲ್ಲವೇ, ಇದೂ ಅಷ್ಟೇ ಅಂದುಕೊಂಡಿದ್ದಳು.

ಮುಂಗಾರಿನ ಮೊದಲ ಮಳೆಗೆ, ಮಿರುಗದ ಮಳೆಗೆ, ಇನ್ನು ವಾರ ಇರುವಾಗ ಒಂದು ಬೆಳಿಗ್ಗೆ, ಶಬೀನಾ ಹೊಲಿಗೆ ಯಂತ್ರದ ಮುಂದೆ ಕೂತು ಯಾರದೋ ಜಂಪರಿಗೆ ತೋಳು ಕೂಡಿಸುತ್ತಿದ್ದಳು. ಫೋನು ಸದ್ದು ಮಾಡಿತು. ಶಲವಡಿಯ ದುಂಡವ್ವ ಗುಂಪಿಗೆ ಫೋಟೋ ಹಾಕಿದ್ದಳು. ದುಂಡವ್ವ ಎಂಟು ವರ್ಷದಿಂದ ಅವಳ ಹತ್ತಿರವೇ ಬಟ್ಟೆ ಹೊಲಿಸುವ ಗಿರಾಕಿ, ಗಿರಾಕಿಗಿಂತ ಅಕ್ಕ ಎನ್ನುವುದೇ ಸರಿ. ಫೋಟೋದಲ್ಲಿ ನೀಲಿ ಟೈಲ್ಸು, ಕಪ್ಪು ಕಟ್ಟೆ, ಮಾವಿನ ತೋರಣ. ‘ಶಬೀನಾನ ಡಿಜೈನ್. ಇವತ್ತ ಹಾಲ ಉಕ್ಕಸ್ತೀವಿ, ಎಲ್ಲಾರೂ ಬರ್ರಿ’ ಎಂದು ಕೆಳಗೆ ಬರೆದಿತ್ತು.

ಶಬೀನಾಳಿಗೆ ಹಿಗ್ಗು ಉಕ್ಕಿತು. ಆ ಹಿಗ್ಗಿನಲ್ಲೇ ಫೋಟೋವನ್ನು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದಳು. ಟೈಲ್ಸು ನೋಡಿದಳು, ಕಟ್ಟೆ ನೋಡಿದಳು, ತೊಲೆ ನೋಡಿದಳು. ತೊಲೆಯ ಕೆಳಗೆ ಏನೂ ಇರಲಿಲ್ಲ.

ದುಂಡವ್ವಕ್ಕನೂ ಕಂಬ ಅಳಿಸಿರಬೇಕು, ಅವಳಿಗೂ ಆ ಸೌಲಭ್ಯ ಯಾರೋ ಕಲಿಸಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ದುಂಡವ್ವನಿಗೆ ಫೋಟೋ ನೆಟ್ಟಗೆ ಹಿಡಿಯುವುದೇ ಬರುತ್ತಿರಲಿಲ್ಲ, ಈ ಫೋಟೋದಲ್ಲೂ ಅವಳ ಹೆಬ್ಬೆರಳು ಮೂಲೆಯಲ್ಲಿ ಕಾಣುತ್ತಿತ್ತು. ಶಬೀನಾ ಫೋನ್ ಹಚ್ಚಿದಳು.

“ಅಕ್ಕಾ, ತೊಲಿ ಕೆಳಗ ಏನ ಕೊಟ್ಟೀರಿ?”

“ಏನ್ ಕೊಡೂದವಾ? ನಿನ್ನ ಮನ್ಯಾಗ ಏನೈತಿ, ಅದ. ಗೌಂಡಿ ಕಬ್ಬಿಣದ ಕಂಬ ಬೇಕಾಗತೈತಿ ಅಂತ ಹಟಾ ಹಿಡದಿದ್ದ. ನಾ ನಿನ್ನ ಫೋಟೋ ತೋರಿಸಿದೆ. ಇದೇನು ಬಿದ್ದೈತೇನಲೇ ಅಂದೆ. ಸುಮ್ಮನಾದ.” ದುಂಡವ್ವ ನಕ್ಕಳು. “ನಿನ್ನೆ ಒಂದ ಟ್ರ್ಯಾಲಿ ಕರಲ ಮಣ್ಣೂ ಹಾಕಿಸೇವಿ ಮ್ಯಾಳಗಿ ಮ್ಯಾಲ. ಮಳಿಗಾಲ ಬಂತಲ್ಲ. ನೀ ಬಾ, ನೀ ಬರೂತನಾ ಹಾಲ ಇಡೂದಿಲ್ಲ.”

ಮಳೆಗಾಲಕ್ಕೆ ಮುಂಚೆ ನೀರು ಇಳಿಯದಂತೆ ಮಾಳಿಗೆಯ ಮೇಲೆ ಕರಲು ಮಣ್ಣು ಹರಡುವುದು ಈ ಸೀಮೆಯಲ್ಲಿ ಪ್ರತಿ ಮನೆಯವರೂ ಮಾಡುವ ಕೆಲಸ. ದುಂಡವ್ವನ ಮನೆಯವರು ಗೋಡೆ ತೆಗೆದ ವಾರದಲ್ಲೇ ಅದನ್ನೂ ಮಾಡಿದ್ದರು. ತಳದ ಆಸರೆ ಕಿತ್ತು, ತಲೆಯ ಮೇಲೆ ಟ್ರ್ಯಾಲಿ ಮಣ್ಣು ಹೊರಿಸಿದ್ದರು.

ಹೇಳಬೇಕಿತ್ತು. ಅಕ್ಕಾ, ನನ್ನ ಮನೆಯಲ್ಲಿ ಕಂಬ ಇವೆ, ನಾನೇ ಅಳಿಸಿದ್ದೇನೆ, ಎಲ್ಲರೂ ಹೊರಗೆ ಹೋಗಿ ಎಂದು ಆಗಲೇ ಹೇಳಿಬಿಡಬೇಕಿತ್ತು. ಶಬೀನಾಳ ಬಾಯಿಂದ ಬಂದದ್ದು ಇಷ್ಟೇ: “ಬರಾಕತ್ತೇನಿ ಅಕ್ಕಾ.” ಶಬೀನಾಳ ನಾಚಿಕೆ ಅವಳ ಭಯಕ್ಕಿಂತ ದೊಡ್ಡದಾಗಿತ್ತು ಎಂದು ಯಾರಾದರೂ ಬೈದರೆ, ಬೈಯಲಿ, ತಪ್ಪಿಲ್ಲ.

ನವಲಗುಂದಕ್ಕೆ ಗೇಟು ಕೂಡಿಸಲು ಹೋಗಿದ್ದ ಗಂಡನಿಗೆ ಫೋನ್ ಮಾಡಿದಳು. ಮನೆಯಲ್ಲಿ ಉರ್ದು ಆಡುವ ರಮಜಾನ್ ಕೆಲಸದ ಮಾತು ಬಂದರೆ ಕನ್ನಡಕ್ಕೆ ತಿರುಗುತ್ತಿದ್ದ. ಎಲ್ಲ ಕೇಳಿ ಅಂದ:

“ಮಂದೀನ ಹೊರಗ ಹಾಕು ಮೊದಲ. ನಾ ಜಾಕಿ, ಪೈಪು ತಗೊಂಡ ಬರ್ತೀನಿ. ತೊಲಿ ಮುರಿಯೂಕಿಂತ ಮೊದಲ ಚಿಟ್ ಚಿಟ್ ಅಂತೈತಿ, ಮಣ್ಣ ಉದರತೈತಿ. ಆ ಸಪ್ಪಳ ಕೇಳಿದರ ಯಾರಿಗೂ ಏನೂ ಕೇಳಬ್ಯಾಡ.”

ಶಲವಡಿಗೆ ಹೋಗುವ ಟಂಟಂ ಆಟೋ ಜನ ತುಂಬುವ ತನಕ ಹೊರಡುವುದಿಲ್ಲ ಎಂದು ನಿಂತಿತ್ತು. ಶಬೀನಾ ಸೀಟಿನ ತುದಿಯಲ್ಲಿ ಕೂತು ಚಾಲಕನ ಬೆನ್ನನ್ನೇ ನೋಡಿದಳು. ಕೊನೆಗೆ, “ಅಣ್ಣಾರ, ಮನ್ಯಾಗ ಒಬ್ಬರಿಗೆ ಭಾಳ ಸೀರಿಯಸ್ ಐತ್ರಿ” ಅಂದಳು. ಅವನು ಮಾತಿಲ್ಲದೆ ಗಾಡಿ ಬಿಟ್ಟ. ಸುಳ್ಳು ಎಷ್ಟು ಸಲೀಸಾಗಿ ಬರುತ್ತದೆ, ನಿಜಕ್ಕೆ ಯಾಕೆ ನಾಲಿಗೆ ಏಳುವುದಿಲ್ಲ ಎಂದು ಅವಳಿಗೇ ಹೇಸಿಗೆಯಾಯಿತು. ಎರಡೂ ಕಡೆ ಹರಗಿದ ಎರೆಹೊಲ ಬಿತ್ತನೆಗೆ ಕಾಯುತ್ತ ಬಿದ್ದಿತ್ತು. ಪಡುವಣದಲ್ಲಿ ಮೋಡ ಕಪ್ಪಾಗುತ್ತಿತ್ತು. ಮಳೆ ಬಂದರೆ ಆ ಮಣ್ಣು ನೀರು ಕುಡಿಯುತ್ತದೆ, ಭಾರ ಇಮ್ಮಡಿಯಾಗುತ್ತದೆ. ಅಲ್ಲಾ, ಒಂದು ತಾಸು ತಡಿ, ಒಂದೇ ತಾಸು ಎಂದು ದಾರಿಯುದ್ದಕ್ಕೂ ಬೇಡಿಕೊಂಡಳು.

ದುಂಡವ್ವನ ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ಹನ್ನೆರಡು ಹದಿಮೂರು ಹೆಂಗಸರು, ಹೊಸ ಸೀರೆ, ಹೊಸ ಬಳೆ, ನಗೆ. ಗೋಡೆ ಇದ್ದ ಜಾಗದಲ್ಲೇ, ತೊಲೆಯ ನಟ್ಟನಡುವಿನ ಕೆಳಗೆ, ದುಂಡವ್ವನ ಅತ್ತೆಯನ್ನು ಮರ್ಯಾದೆಯಿಂದ ಕುರ್ಚಿ ಹಾಕಿ ಕೂಡಿಸಿದ್ದರು. ಒಲೆಯ ಮೇಲೆ ಅರಿಶಿನ ಕುಂಕುಮ ಹಚ್ಚಿದ ಪಾತ್ರೆಯಲ್ಲಿ ಹಾಲು. ಶಬೀನಾ ಕಣ್ಣೆತ್ತಿ ನೋಡಿದಳು. ತೊಲೆ ನಡುವೆ ಜೋಲುಬಿದ್ದಿತ್ತು.

“ಬಂದ್ಯಾ, ಬಾ. ಈಗರೆ ಗ್ಯಾಸ್ ಹಚ್ಚಿದೆ ನೋಡು” ಎಂದು ದುಂಡವ್ವ ಅವಳ ಕೈ ಹಿಡಿದು ಒಳಗೆ ಎಳೆದಳು.

“ಅಕ್ಕಾ, ಎಲ್ಲಾರೂ ಹೊರಗ ನಡೀರಿ. ತೊಲಿ ಬಗ್ಗೇತಿ.”

“ಅದು ನಾ ಈ ಮನೀಗೆ ಸೊಸಿಯಾಗಿ ಬಂದಾಗಿಂದ ಬಗ್ಗೇತಿ.”

“ಇಲ್ಲಕ್ಕಾ, ಖರೇನ ಅಂಜಿಕಿ ಬರಾಕತ್ತೈತಿ. ಒಂದೀಟು ಹೊರಗ ಹೋಗೂಣು.”

“ಹಾಲ ಉಕ್ಕಲಿ, ಆಮ್ಯಾಲ ಎಲ್ಲಿಗೆ ಬೇಕಾದ್ರೂ ಹೋಗೂಣು. ಹಾಲ ಅರ್ಧಕ್ಕ ಬಿಟ್ಟ ಯಾರರೆ ಎದ್ದ ಹೋಗ್ತಾರೇನ?” ದುಂಡವ್ವನ ದನಿ ತುಸು ಬಿಗಿಯಾಯಿತು. ಹೊಸ ಒಲೆಯ ಮೇಲಿಟ್ಟ ಮೊದಲ ಹಾಲು ಉಕ್ಕಿ ಚೆಲ್ಲಬೇಕು, ಅದು ಉಕ್ಕದೆ ಇಳಿದರೆ ಮನೆಗೇ ಕೇಡು ಎಂದು ನಂಬಿದ ಜನ. ಬಾಗಿಲ ಬದಿಗೆ ಕೂತ ಒಬ್ಬಳು ಪಕ್ಕದವಳ ಕಿವಿಯಲ್ಲಿ, ತನ್ನದಕ್ಕಿಂತ ಚಂದ ಆತಲ್ಲ, ಅದಕ್ಕ ಹೊಟ್ಟಿಯೊಳಗ ಬೆಂಕಿ ಬಿದ್ದೈತಿ ಅಂದಳು. ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಅಂದಳು.

ಈಗಲಾದರೂ ಹೇಳಬಹುದಿತ್ತು. ಇಷ್ಟು ಜನರ ಮುಖ ನೋಡಿ ಅವಳಿಗೆ ಧೈರ್ಯ ಸಾಲಲಿಲ್ಲ. ಆಗ ಕೇಳಿಸಿತು. ಚಿಟ್. ಒಣಕಟ್ಟಿಗೆ ಮುರಿದಷ್ಟೇ ಸಣ್ಣ ಸದ್ದು. ಅತ್ತೆಯ ಬಿಳಿ ಕೂದಲ ಮೇಲೆ ಚಿಟಿಕೆ ಮಣ್ಣು ಉದುರಿತು. ಮುದುಕಿ ಅದನ್ನು ಕೊಡವಿಕೊಂಡು ಹಾಲಿನ ಕಡೆಗೇ ನೋಡುತ್ತಿದ್ದಳು. ಮತ್ತೆ ಚಿಟ್.

ಶಬೀನಾ ನೆಟ್ಟಗೆ ಒಲೆಯ ಹತ್ತಿರ ಹೋಗಿ ಗ್ಯಾಸ್ ಆರಿಸಿದಳು. ಓಢಣಿಯ ಸೆರಗಿನಲ್ಲಿ ಹಾಲಿನ ಪಾತ್ರೆ ಹಿಡಿದು ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಬಾಗಿಲು ದಾಟಿ ಅಂಗಳಕ್ಕೆ ಬಂದಳು.

ಒಂದು ಗಳಿಗೆ ಯಾರಿಗೂ ನಂಬಿಕೆಯೇ ಬರಲಿಲ್ಲ. ಆಮೇಲೆ ಎದ್ದರು ನೋಡಿ. “ಏನಾಗೇತೆ ಈಕಿಗೆ” ಎಂದು ದುಂಡವ್ವ ಬೆನ್ನಟ್ಟಿ ಬಂದಳು. ಅವಳ ಹಿಂದೆ ಹೆಂಗಸರೆಲ್ಲ ಬಂದರು. ಹೊರಗೆ ನಡೀರಿ ಎಂದು ಕೈಮುಗಿದರೆ ಏಳದ ಜನ, ಜಗಳ ಎಂದ ಕೂಡಲೇ ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಹೊರಗೆ ಬಿದ್ದರು. ಕೋಲೂರಿಕೊಂಡು ನಡೆಯುವ ಅತ್ತೆ ಮೂರನೆಯವಳಾಗಿ ಬಂದಿದ್ದಳು. ಎದುರಿನ ಕಟ್ಟೆಯ ಮೇಲೆ ಗಂಡಸರೊಂದಿಗೆ ಕೂತಿದ್ದ ದುಂಡವ್ವನ ಗಂಡ ಉಡಚಪ್ಪ ಗಾಬರಿಯಾಗಿ ಎದ್ದು ನಿಂತ.

“ನನ್ನ ಮನೀಗೆ ಬಂದ, ನನ್ನ ಒಲಿ ಆರಿಸಿದೆಲ್ಲ. ನಿನಗ ಎಂಟ ವರ್ಷ ತಂಗಿ ಅಂದೇನಲ್ಲವಾ” ಎಂದು ದುಂಡವ್ವ ಅತ್ತೇಬಿಟ್ಟಳು. ಪಾತ್ರೆ ಕಸಿದುಕೊಂಡಳು. ಕಸಿದ ರಭಸಕ್ಕೆ ಅರ್ಧ ಹಾಲು ನೆಲದ ಪಾಲಾಯಿತು. ಉಳಿದದ್ದನ್ನಾದರೂ ಉಕ್ಕಿಸಬೇಕೆಂದು ಅವಳು ಮತ್ತೆ ಹೊಸ್ತಿಲ ಕಡೆ ತಿರುಗಿದಾಗ ಶಬೀನಾ ಎರಡೂ ಕೈಯಿಂದ ಅವಳ ರಟ್ಟೆ ಹಿಡಿದುಕೊಂಡಳು. ದುಂಡವ್ವ ಕೊಸರಿದಳು. ಶಬೀನಾ ಬಿಡಲಿಲ್ಲ.

ಗುಡುಗೇ ಬಂತು ಎಂದು ಎಲ್ಲರೂ ಮೋಡದ ಕಡೆ ನೋಡಿದರು. ಗುಡುಗಲ್ಲ. ಬಾಗಿಲಿನಿಂದ ಕೆಂಧೂಳು ಉರುಳುರುಳಿ ಹೊರಗೆ ಬಂತು. ಅದರೊಳಗೆ ಒಂದಾದ ಮೇಲೊಂದು ಜಂತಿ ಬೀಳುವ ಸದ್ದು. ಧೂಳು ತುಸು ಕರಗಿದಾಗ ಬಾಗಿಲಿನಾಚೆ ಆಕಾಶ ಕಂಡಿತು. ಒಲೆಯಿದ್ದ ಜಾಗದಲ್ಲಿ, ಮುದುಕಿಯ ಕುರ್ಚಿಯಿದ್ದ ಜಾಗದಲ್ಲಿ, ಎದೆಯೆತ್ತರ ಮಣ್ಣು ಬಿದ್ದಿತ್ತು.

ಉಡಚಪ್ಪ ಒಬ್ಬೊಬ್ಬರ ತಲೆ ಮುಟ್ಟಿ ಮುಟ್ಟಿ ಎಣಿಸಿದ. ಯಾರೂ ಒಳಗಿರಲಿಲ್ಲ. ಎರಡನೆಯ ಸಲ ಎಣಿಸಿ ನೆಲಕ್ಕೆ ಕುಸಿದು ಕೂತ. ದುಂಡವ್ವ ಶಬೀನಾಳ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಎದೆಗೆ ಒತ್ತಿಕೊಂಡಳು.

“ನಿನಗ ಏನೇನೋ ಅಂದ್ನೆಲ್ಲವಾ. ನೀ ಬರದಿದ್ರ ಇವತ್ತ ಇಷ್ಟೂ ಮಂದಿ ಹೆಣಾ ಎತ್ತತಿದ್ರು. ನೀನ ನಮ್ಮ ದೇವರು.”

ಹೊಟ್ಟೆಯಲ್ಲಿ ಬೆಂಕಿ ಎಂದಿದ್ದವಳು ಬಂದು ಶಬೀನಾಳ ಪಾದ ಮುಟ್ಟಿದಳು. ಅತ್ತೆ ಲಟಿಕೆ ಮುರಿದು ದೃಷ್ಟಿ ತೆಗೆದಳು. ಶಬೀನಾ ತಲೆ ತಗ್ಗಿಸಿ ನಿಂತಳು, ಎಲ್ಲರೂ ಅದನ್ನು ವಿನಯ ಅಂದುಕೊಂಡರು. ಇನ್ನು ಹೇಳುವುದು ಬೇಡ, ಎಲ್ಲರೂ ಬದುಕಿದರಲ್ಲ, ಇದು ಇಲ್ಲಿಗೇ ಮುಗಿಯಲಿ ಎಂದು ಅವಳ ಮನಸ್ಸು ಹೇಳಿತು. ನಿಜ ಹೇಳಬೇಕೆಂದರೆ ಆ ಗಳಿಗೆಯಲ್ಲಿ ಅವಳಿಗೆ ಸುಖವೇ ಆಗಿತ್ತು.

ಜೇಬಿನಲ್ಲಿದ್ದ ಫೋನು ಸದ್ದು ಮಾಡಿತು. ಬಲಗೈಯಿಂದ ತೆಗೆದು ನೋಡಿದಳು. ಗುಂಪಿನಲ್ಲಿ ಕುಂದಗೋಳದ ಖುಷ್ಬೂ ಬರೆದಿದ್ದಳು: ‘ನಮ್ಮನ್ಯಾಗೂ ಇವತ್ತ ಕೆಲಸ ಸುರು. ಶಬೀನಾ ಆಪಾನ ಡಿಜೈನ್.’ ಕೆಳಗೆ ಫೋಟೋ. ಮಾಳಿಗೆ ಮನೆ, ನಡುಗೋಡೆ, ಸುತ್ತಿಗೆ ಎತ್ತಿದ ಗೌಂಡಿ.

ಶಬೀನಾ ಕೂಡಲೇ ಅವಳಿಗೆ ಫೋನ್ ಹಚ್ಚಿದಳು. ಮೊದಲ ಸಲ ರಿಂಗಾಗಿ ಕಡಿದುಹೋಯಿತು. ಎರಡನೆಯ ಸಲ ಖುಷ್ಬೂ ಎತ್ತಿದಳು. ಹಿಂದೆ ಸುತ್ತಿಗೆಯ ಏಟು ದಪ್ ದಪ್ ಎಂದು ಕೇಳುತ್ತಿತ್ತು. ಶಬೀನಾ ಉರ್ದುವಿನಲ್ಲಿ ಶುರು ಮಾಡಿದಳು. ಅದರಲ್ಲಿ ಹೇಳಿದರೆ ಇಲ್ಲಿ ಯಾರಿಗೂ ತಿಳಿಯುವುದಿಲ್ಲ. ಕೆಲಸ ನಿಲ್ಲಿಸು, ಮೊದಲು ಕಂಬ ಕೊಡಬೇಕು ಅಂದಳು. ಖುಷ್ಬೂ ನಕ್ಕಳು. ಗೌಂಡಿಯೂ ಅದನ್ನೇ ಹೇಳುತ್ತಿದ್ದ ಆಪಾ, ನಿಮ್ಮ ಫೋಟೋ ತೋರಿಸಿ ಒಪ್ಪಿಸಿದ್ದೇನೆ, ನಿಮ್ಮ ಮನೆ ಕಂಬವಿಲ್ಲದೆ ನಿಂತಿದೆಯಲ್ಲ ಅಂದಳು. ದಪ್. ಹಾಗಾದರೆ ಅವನಿಗೆ ನಾನೇ ಹೇಳುತ್ತೇನೆ ಅಂದರೆ, ಅವನಿಗೆ ಉರ್ದು ಬರುವುದಿಲ್ಲ, ಒಮ್ಮೆ ಶುರು ಮಾಡಿದ ಮೇಲೆ ನಾನು ನಿಲ್ಲಿಸು ಅಂದರೂ ಕೇಳುವುದಿಲ್ಲ ಅಂದಳು. ದಪ್.

ದುಂಡವ್ವ ಇನ್ನೂ ಅವಳ ಎಡಗೈಯನ್ನು ಎದೆಗೆ ಒತ್ತಿಕೊಂಡೇ ನಿಂತಿದ್ದಳು. ಆ ಎದೆ ಡವಡವ ಬಡಿಯುವುದು ಶಬೀನಾಳ ಬೆರಳಿಗೆ ತಿಳಿಯುತ್ತಿತ್ತು.

“ಖುಷ್ಬೂ, ಸ್ಪೀಕರ್ ಹಾಕಿ ಗೌಂಡಿ ಕಡೆ ಹಿಡಿ” ಎಂದು ಅವಳು ಕನ್ನಡದಲ್ಲಿ ಅಂದಳು. ಆಮೇಲೆ ಅಂಗಳದ ಮಂದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ ಅಂದಳು: “ಗೌಂಡೇರ, ಕೈ ತಡೀರಿ. ನನ್ನ ಮನ್ಯಾಗ ಎರಡ ಕಬ್ಬಿಣದ ಕಂಬ ಅದಾವ, ಮ್ಯಾಲ ಗರ್ಡರ್ ಐತಿ. ಫೋಟೋದಾಗ ಚಂದ ಕಾಣವಲ್ವು ಅಂತ ನಾನ ಅಳಸೇನಿ.”

ಫೋನಿನಲ್ಲಿ ಸುತ್ತಿಗೆಯ ಸದ್ದು ನಿಂತಿತು. ದುಂಡವ್ವ ಹಿಡಿದಿದ್ದ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಬಿಟ್ಟಳು.