ಮುನೀರಾಳ ತಟ್ಟೆಯೂ ಕ್ರಿಸ್‌ಮಸ್ ಮಾರ್ಕೆಟ್ಟೂ

ಕ್ರಿಸ್‌ಮಸ್ ಮಾರ್ಕೆಟ್ಟಿಗೆ ಹೋಗುವುದು ದಂಡವೋ ಅಲ್ಲವೋ ಎಂಬ ವಿಷಯದಲ್ಲಿ ಯೂಜಿನ್‌ಗೆ ಅನುಮಾನವೇ ಇರಲಿಲ್ಲ. ದಂಡ. ಶುದ್ಧ ದಂಡ.

"ಮರಳುಗಾಡಲ್ಲಿ ಸೋಪಿನ ನೊರೆ ಹಾರಿಸಿ ಸ್ನೋ ಅಂತಾರೆ. ಅದನ್ನು ನೋಡ್ಲಿಕ್ಕೆ ದುಖಾನಿಂದ ದೋಹಾ ತನಕ ಗಾಡಿ ಬಿಡ್ಬೇಕಾ? ನಮ್ಮ ಬಾತ್‌ರೂಮಲ್ಲೇ ಬಕೆಟ್ ತುಂಬ ನೊರೆ ಉಂಟು, ಬಂದು ನೋಡಿ," ಎಂದು ಅವನು ಸೋಫಾದಲ್ಲಿ ಮಲಗಿದ್ದಲ್ಲಿಂದಲೇ ತೀರ್ಪು ಕೊಟ್ಟುಬಿಟ್ಟ. ದುಖಾನಿನ ಎಣ್ಣೆ ಕಂಪನಿಯಲ್ಲಿ ದಿನವಿಡೀ ಬೇರೆಯವರ ತೀರ್ಪು ಕೇಳುವವನಿಗೆ ಮನೆಯಲ್ಲಾದರೂ ಒಂದು ಕೊಡುವ ಆಸೆ ಇರುವುದಿಲ್ಲವೇ?

ಇದಕ್ಕೆಲ್ಲ ಕಾರಣ ಅವನ ತಂಗಿ ಎಡ್ನಾ. ದೋಹಾದಲ್ಲೇ ಇರುವ ಅವಳು, ಯಾವುದೋ ದೊಡ್ಡ ಹೋಟೆಲಿನ ಹುಲ್ಲುಹಾಸಿನ ಮೇಲೆ ಎದ್ದ ಮಾರ್ಕೆಟ್ಟಿನ ಫೋಟೋಗಳನ್ನು ಒಂದರ ಹಿಂದೊಂದು ಕಳಿಸಿದ್ದಳು. ಮರದ ಪುಟ್ಟ ಅಂಗಡಿಗಳು, ಮಾಲೆ ದೀಪಗಳು, ಕೆಂಪು ಟೋಪಿ ಹಾಕಿಕೊಂಡ ಒಂಟೆ. ಮಗಳು ಫಿಯೋನಾ ಫೋನಿನಲ್ಲಿ ಜನರ ಅಭಿಪ್ರಾಯ ಓದಿ, "ವರ್ತ್ ಇಲ್ಲ ಅಂತ ಕೆಲವರು ಬರೆದಿದ್ದಾರೆ, ಪಾಪಾ. ವರ್ತ್ ಉಂಟು ಅಂತಲೂ ಬರೆದಿದ್ದಾರೆ," ಎಂದು ಎರಡೂ ಕಡೆಗೆ ಸಾಕ್ಷಿ ಹೇಳಿದಳು.

"ಹೋಗುವ," ಎಂದಳು ವೆರೋನಿಕಾ ಅಡುಗೆಮನೆಯ ಬಾಗಿಲಲ್ಲಿ ನಿಂತು. "ಶುಕ್ರವಾರ ಹೇಗೂ ಚರ್ಚಿನ ಪೂಜೆಗೆ ದೋಹಾಕ್ಕೆ ಹೋಗ್ತೇವೆ. ಅಲ್ಲಿಂದ ಹಾಗೇ ಹೋಗುವ."

ಯೂಜಿನ್ ಎದ್ದು ಕುಳಿತ. ಬಂಗಾರದಂಗಡಿಯ ಮುಂದೆಯೂ ತಲೆ ಎತ್ತದೆ ನಡೆಯುವ ಹೆಂಡತಿಗೆ ನೊರೆ ನೋಡುವ ಹುಚ್ಚು ಯಾವಾಗ ಹಿಡಿಯಿತೆಂದು ಅವನಿಗೆ ಅರ್ಥವಾಗಲಿಲ್ಲ. ಪಾಪ, ಅವಳ ತಲೆಯಲ್ಲಿದ್ದದ್ದು ನೊರೆಯಲ್ಲ, ಪಕ್ಕದ ಮನೆಯ ಮುನೀರಾಳ ತಟ್ಟೆ.

ತಟ್ಟೆಯೆಂದರೆ ಬಂಗಾರದ ತಟ್ಟೆಯೇನೂ ಅಲ್ಲ. ಅಂಚಿಗೆ ಹಸಿರು ಬಳ್ಳಿಯ ಚಿತ್ರವಿದ್ದ ದೊಡ್ಡ ಪಿಂಗಾಣಿ ತಟ್ಟೆ. ಮುನೀರಾ ಮದುವೆಯಾಗಿ ಉಪ್ಪಿನಂಗಡಿಯಿಂದ ಬರುವಾಗ ಸೀರೆಗಳ ನಡುವೆ ಸುತ್ತಿ ತಂದದ್ದು. ಎಷ್ಟೋ ವರ್ಷಗಳಿಂದ ಆ ತಟ್ಟೆ ಎರಡು ಮನೆಗಳ ನಡುವಿನ ಗಿಡ್ಡ ಗೋಡೆಯ ಮೇಲಿಂದ ಆಚೆ ಈಚೆ ಓಡಾಡಿಕೊಂಡಿತ್ತು. ರಂಜಾನಿಗೆ ಸಮೋಸ ಹೊತ್ತು ಬರುತ್ತಿತ್ತು, ಕ್ರಿಸ್‌ಮಸ್ಸಿಗೆ ನೆವ್ರಿ, ಕಿಡಿಯೊ, ರೋಸ್ ಕುಕ್ಕೀಸ್ ಹೊತ್ತು ಹೋಗುತ್ತಿತ್ತು. ಕರಾವಳಿಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಿಬಿಡುವುದು ಒಳ್ಳೆಯದು. ನೆರೆಮನೆಯಿಂದ ತುಂಬಿ ಬಂದ ತಟ್ಟೆ ಖಾಲಿ ಹಿಂದಿರುಗಬಾರದು. ಮಾಮೂಲಿ ದಿನವಾದರೆ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟರೂ ನಡೆದೀತು. ಹಬ್ಬದ ತಟ್ಟೆಗೆ ಮಾತ್ರ ಹಬ್ಬದ್ದೇ ಆಗಬೇಕು.

ಈ ಸಲ ಬಕ್ರೀದಿಗೆ ತಟ್ಟೆ ಬಿರಿಯಾನಿಯೊಂದಿಗೆ ಬಂತು. ಅದನ್ನು ತೊಳೆದು ಒರೆಸುವಷ್ಟರಲ್ಲಿ ತವರೂರು ಶಿರ್ವದಿಂದ ಫೋನ್. ಅಮ್ಮ ಆಸ್ಪತ್ರೆಯಲ್ಲಿ. ವೆರೋನಿಕಾ ಓಡಿದಳು. ಅಮ್ಮನನ್ನು ಮಣ್ಣು ಮಾಡಿ, ತಿಂಗಳ ಪೂಜೆ ಮುಗಿಸಿ ಹಿಂದಿರುಗಿದಾಗ ತಟ್ಟೆ ಇಟ್ಟಲ್ಲೇ ಇತ್ತು.

ಸಾವಾದ ಮನೆಯಲ್ಲಿ ಒಂದು ವರ್ಷ ಹಬ್ಬಕ್ಕೆಂದು ಎಣ್ಣೆಯ ಬಾಣಲೆ ಒಲೆಗೇರುವುದಿಲ್ಲ. ಕುಸ್ವಾರ್, ಅಂದರೆ ಕ್ರಿಸ್‌ಮಸ್ಸಿನ ಆ ಕರಿದ ತಿಂಡಿಗಳ ರಾಶಿ, ಈ ವರ್ಷ ಇಲ್ಲ. "ಮದುವೆಯಾಗಿ ಬೇರೆ ಮನೆಗೆ ಬಂದವಳಿಗೆ ಅಷ್ಟೆಲ್ಲ ಸ್ಟ್ರಿಕ್ಟ್ ಇಲ್ಲ ಅತ್ತಿಗೆ," ಎಂದು ಎಡ್ನಾ ಹೇಳಿದ್ದಳು. ನಿಯಮದ ಮಾತು ಯಾರಿಗೆ ಬೇಕಿತ್ತು? ಕಿಡಿಯೊದ ಹಿಟ್ಟನ್ನು ಫೋರ್ಕಿನ ಬೆನ್ನ ಮೇಲೆ ಉರುಳಿಸುವುದನ್ನು ಕಲಿಸಿದವಳೇ ಅಮ್ಮ. ಹಿಟ್ಟು ಮುಟ್ಟಿದರೆ ಅಳು ಬರುತ್ತದೆಂದು ವೆರೋನಿಕಾಳಿಗೆ ಗೊತ್ತಿತ್ತು. ಹಾಗಾಗಿ ತಟ್ಟೆ ತುಂಬಲಿಲ್ಲ, ತುಂಬದ್ದರಿಂದ ಹೋಗಲಿಲ್ಲ. ದಿನ ಕಳೆದಂತೆ ಅದಕ್ಕೆ ಹಾಕಬೇಕಾದದ್ದು ಅವಳ ಮನಸ್ಸಿನಲ್ಲಿ ಇನ್ನೂ ದೊಡ್ಡದಾಗುತ್ತಾ ಹೋಯಿತು. ಕೊನೆಗೆ ತಟ್ಟೆಯನ್ನು ಕಣ್ಣಿಗೆ ಬೀಳದ ಹಾಗೆ ಕಪಾಟಿನ ಮೇಲೆ, ಅಕ್ಕಿ ಡಬ್ಬದ ಹಿಂದೆ ಇಟ್ಟಳು.

ಆಚೆ ಕಡೆಯಿಂದಲೂ ಸದ್ದಿಲ್ಲ. ಸಾವು ಕೇಳಲು ಬಂದು ಕೈ ಹಿಡಿದು ಅತ್ತುಹೋದ ಮುನೀರಾ, ಆಮೇಲೆ ಒಂದು ಸಮೋಸವನ್ನೂ ಕಳಿಸಲಿಲ್ಲ. ಮೊದಲಾದರೆ ಗೋಡೆಯಾಚೆಯಿಂದ "ಬಾಯಮ್ಮಾ, ಉಪ್ಪು ಉಂಟಾ?" ಎಂದು, ಊರಲ್ಲಿ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಕೂಗಿ, ಉಪ್ಪು ಇಸಕೊಂಡು ಊರಿನ ಸುದ್ದಿಯೆಲ್ಲ ಹೇಳಿ ಹೋಗುತ್ತಿದ್ದವಳು. ಈಗ "ಹೇಗಿದ್ದಿ?", "ಇದ್ದೇನೆ", ಖಲಾಸ್. ತಟ್ಟೆ ಇಟ್ಟುಕೊಂಡದ್ದಕ್ಕೇ ಅವಳಿಗೆ ಬೇಸರವಾಗಿದೆ ಎಂದು ವೆರೋನಿಕಾ ತೀರ್ಮಾನಿಸಿಬಿಟ್ಟಳು.

ಅದರ ಮೇಲೆ ಹೋದ ವಾರ ಯೂಜಿನ್ ಒಂದು ಸುದ್ದಿ ತಂದ. ಮುನೀರಾಳ ಗಂಡ ಮೊಯ್ದಿನ್ ತನ್ನ ಅಣ್ಣನ ಅಂಗಡಿ ಸೇರುತ್ತಾನಂತೆ, ಹೊಸ ವರ್ಷಕ್ಕೆ ಮನೆ ದೋಹಾದ ಅಲ್ ಮುಂತಜಾಕ್ಕೆ ಬದಲಾಗುತ್ತದಂತೆ. ವೆರೋನಿಕಾ ಹೆಚ್ಚುತ್ತಿದ್ದ ಈರುಳ್ಳಿಯನ್ನು ಹಾಗೇ ಬಿಟ್ಟಳು. ಹೋಗುವುದೇನೋ ಸರಿ, ಹೋಗುವ ಸುದ್ದಿಯನ್ನು ಅವಳೇ ಹೇಳಬಾರದಿತ್ತೇ? ಗೋಡೆ ಇರುವಾಗಲೇ ಮಾತಿಲ್ಲವೆಂದರೆ, ನಡುವೆ ಅಷ್ಟುದ್ದದ ಮರಳು ಬಂದ ಮೇಲೆ ಏನುಳಿದೀತು? ಕ್ರಿಸ್‌ಮಸ್ಸಿನೊಳಗೆ ಆ ತಟ್ಟೆ ತುಂಬಿ ಹೋಗಲೇಬೇಕು. ಕರಿಯುವ ಹಾಗಿಲ್ಲ, ಸೂಪರ್‌ಮಾರ್ಕೆಟ್ಟಿನ ಬಿಸ್ಕೆಟು ಸುರಿಯಲು ನಾಚಿಕೆ. ಆಗಲೇ ಎಡ್ನಾಳ ಫೋಟೋಗಳು ಬಂದದ್ದು. ಕ್ರಿಸ್‌ಮಸ್ಸಿನ ಹೆಸರಿನದೇ ಮಾರ್ಕೆಟ್, ಕ್ರಿಸ್‌ಮಸ್ಸಿನ ತಟ್ಟೆಗೆ ಅಲ್ಲಿ ಏನಾದರೂ ಸಿಗದೇ ಇದ್ದೀತೇ?

ಶುಕ್ರವಾರ ಬೆಳಿಗ್ಗೆ ತಟ್ಟೆಯನ್ನು ಕೆಳಗಿಳಿಸಿ, ಟವೆಲಿನಲ್ಲಿ ಸುತ್ತಿ ಬಟ್ಟೆಚೀಲಕ್ಕೆ ಹಾಕಿದಳು. ಅಳತೆ ನೋಡಿಯೇ ಕೊಳ್ಳಬೇಕಲ್ಲ! ಕಾರು ಹತ್ತುವಾಗ ಗೋಡೆಯಾಚೆ ಮುನೀರಾ ಕಾಣಿಸಿಕೊಂಡಳು.

"ಎಲ್ಲಿಗೆ, ದೋಹಾಕ್ಕಾ?"

"ಹೌದು, ಪೂಜೆಗೆ." ಚೀಲವನ್ನು ವೆರೋನಿಕಾ ಬೆನ್ನ ಹಿಂದೆ ಸರಿಸಿದಳು. "ನೀವು?"

"ನಾವೂ ಹೋಗ್ಲಿಕ್ಕುಂಟು. ಸೂಕ್ ವಾಕಿಫ್‌ಗೆ. ಸುಮ್ಮನೆ ಪೇಟೆ ಸುತ್ಲಿಕ್ಕೆ."

ಅಷ್ಟೇ. ಹಿಂದೆಯಾಗಿದ್ದರೆ ಒಂದೇ ಕಾರಲ್ಲಿ ತುಂಬಿಕೊಂಡು ಹೋಗುತ್ತಿದ್ದರು.

ದೂರದ ಬೆಟ್ಟ ನುಣ್ಣಗೆ ಎಂದು ಸುಮ್ಮನೆ ಹೇಳಿದ್ದಾರೆಯೇ? ಎಡ್ನಾಳ ಫೋಟೋದಲ್ಲಿ ಸ್ವರ್ಗದಂತಿದ್ದ ಮಾರ್ಕೆಟ್ಟಿನಲ್ಲಿ ಎಲ್ಲಕ್ಕಿಂತ ಮೊದಲು ಕಂಡದ್ದು ಪಾರ್ಕಿಂಗಿಗೆ ನಿಂತ ಕಾರುಗಳ ಸಾಲು. ಒಳಗೆ ಹೋದರೆ ಅರ್ಧ ಜನ ಫೋಟೋ ತೆಗೆಯುತ್ತಿದ್ದರು, ಉಳಿದರ್ಧ ಆ ಫೋಟೋಕ್ಕೆ ಅಡ್ಡ ಬರುತ್ತಿದ್ದರು. ಹಿತವಾದ ಇಳಿಬಿಸಿಲು, ಉಲ್ಲನ್ ಮಫ್ಲರ್ ಸುತ್ತಿಕೊಂಡು ಬೆವರುವ ಮಕ್ಕಳು. ಒಂದು ಯಂತ್ರ ಗುರ್ ಎಂದು ನೊರೆ ಉಗುಳಿತು. ಅದರಲ್ಲೊಂದು ಮುದ್ದೆ ನೇರವಾಗಿ ಯೂಜಿನ್‌ನ ಮೀಸೆಗೆ ಬಂದು ಕೂತಿತು.

"ನಾನೆಂತ ಹೇಳಿದೆ?" ಎಂದ ಅವನು, ನೊರೆ ಒರೆಸಿಕೊಳ್ಳದೆಯೇ, ಗೆದ್ದವನ ಗತ್ತಿನಲ್ಲಿ. ಫಿಯೋನಾ ಬಿದ್ದು ಬಿದ್ದು ನಕ್ಕು ಅದನ್ನೂ ಫೋಟೋ ತೆಗೆದಳು.

ವೆರೋನಿಕಾ ಚೀಲವನ್ನು ಎದೆಗವಚಿಕೊಂಡು ಅಂಗಡಿಯಿಂದ ಅಂಗಡಿಗೆ ನಡೆದಳು. ಪರಿಮಳದ ಮೇಣದಬತ್ತಿ ಇತ್ತು, ತಟ್ಟೆಯಲ್ಲಿಟ್ಟು ಕೊಟ್ಟರೆ ಮುನೀರಾ ಕರೆಂಟ್ ಹೋಗಲೆಂದು ಕಾಯಬೇಕಷ್ಟೆ. ಉಣ್ಣೆಯ ಗೊಂಬೆಗಳಿದ್ದವು. ಬಿಸಿ ಚಾಕೊಲೇಟು ಇತ್ತು, ಅದನ್ನು ತಟ್ಟೆಯಲ್ಲಿ ಒಯ್ಯುವುದು ಹೇಗೆ? ಸಕ್ಕರೆ ಮೆತ್ತಿದ ಬಾದಾಮಿ ಪೊಟ್ಟಣ ಇಷ್ಟೇ ಇಷ್ಟು, ತಟ್ಟೆಯ ಬಳ್ಳಿಯ ಒಂದು ಎಲೆಯೂ ಮುಚ್ಚದು. ನೋಡುತ್ತಾ ನೋಡುತ್ತಾ ಅವಳಿಗೆ ಸಂಕಟವಾಯಿತು. ಇಷ್ಟು ಅಂಗಡಿಗಳಲ್ಲಿ ಒಂದರಲ್ಲಾದರೂ ನೆರೆಮನೆಗೆ ಕೊಡುವಂಥದ್ದು ಬೇಡವೇ? ಯೂಜಿನ್ ಹೇಳಿದ್ದೇ ಸರಿ, ದಂಡ. ಗಂಡ ಹೇಳಿದ್ದು ಸರಿಯಾಗುವುದು ಅಪರೂಪ, ಅದೂ ಇವತ್ತೇ ಆಗಬೇಕೇ ಎಂದು ಅವಳಿಗೆ ಸಿಟ್ಟೂ ಬಂತು.

ಕೊನೆಯ ಸಾಲಿನಲ್ಲಿ ಶುಂಠಿ ಬಿಸ್ಕೆಟಿನ ಅಂಗಡಿ. ಮನೆಯಾಕಾರದ್ದು, ನಕ್ಷತ್ರದಾಕಾರದ್ದು, ಮನುಷ್ಯಾಕಾರದ್ದು. ಮುಂದೆ ಕಪ್ಪು ಅಬಾಯ ತೊಟ್ಟ ಹೆಂಗಸೊಬ್ಬಳು, ಕೆಂಪು ಟೋಪಿಯ ಫಿಲಿಪಿನೋ ಹುಡುಗಿಯನ್ನು ವಕೀಲರ ಹಾಗೆ ಪ್ರಶ್ನಿಸುತ್ತಿದ್ದಳು.

"ಸಿಸ್ಟರ್, ದಿಸ್ ಒನ್ ಫ್ರೈ? ಆಯಿಲ್ ಫ್ರೈ?"

"ನೋ ಮ್ಯಾಮ್, ಬೇಕ್ಡ್. ಓವನ್."

"ಶೂರ್? ಮಾಫಿ ಆಯಿಲ್? ನೋ ಆಯಿಲ್?"

"ನೋ ಫ್ರೈಯಿಂಗ್, ಮ್ಯಾಮ್." ಹುಡುಗಿಗೆ ತಲೆಬುಡ ಅರ್ಥವಾಗಿರಲಿಲ್ಲ. ಬಿಸ್ಕೆಟನ್ನು ಯಾರಾದರೂ ಕರಿಯುತ್ತಾರೆಯೇ?

"ಮೈ ನೇಬರ್, ಹರ್ ಮದರ್ ಡೈಡ್," ಎಂದು ಆ ಹೆಂಗಸು ವಿವರಿಸಿದಳು. "ಕ್ರಿಶ್ಚಿಯನ್. ಒನ್ ಇಯರ್ ನೋ ಫ್ರೈ. ಓನ್ಲಿ ಓವನ್ ಓಕೆ, ಐ ಥಿಂಕ್."

ವೆರೋನಿಕಾಳ ಕಾಲು ನಿಂತಲ್ಲೇ ನಿಂತಿತು. ಈ ದೋಹಾದಲ್ಲಿ, ಇಷ್ಟು ಜನರ ನಡುವೆ, ಬಿಸ್ಕೆಟಿಗೆ ಅಂಥ ಪ್ರಶ್ನೆ ಕೇಳುವವಳು ಒಬ್ಬಳೇ. ಅಮ್ಮ ಸತ್ತಾಗಿನಿಂದ ತನ್ನನ್ನು ಮರೆತಳೆಂದು ತಾನು ಅಂದುಕೊಂಡಿದ್ದವಳು, ತನ್ನ ಮನೆಯ ನೇಮವನ್ನು ತನಗಿಂತ ಕಟ್ಟುನಿಟ್ಟಾಗಿ ಹಿಡಿದುಕೊಂಡು ಕೂತಿದ್ದಳು!

"ಮುನೀರಾ."

ಮುನೀರಾ ತಿರುಗಿದಳು. ಕೈಯಲ್ಲಿದ್ದ ಬಿಸ್ಕೆಟಿನ ಮನುಷ್ಯ ಬೀಳುವುದೊಂದು ಬಾಕಿ. "ಯಾ ಅಲ್ಲಾ! ನೀನು ಪೂಜೆಗೆ ಹೋದದ್ದಲ್ವಾ?"

"ನೀನು ಸೂಕ್ ವಾಕಿಫ್‌ಗೆ ಹೋದದ್ದಲ್ವಾ?"

ಇಬ್ಬರೂ ಒಂದು ಕ್ಷಣ ಕಳ್ಳಿಯರಂತೆ ನಿಂತರು. ಆಮೇಲೆ ಮುನೀರಾಳೇ ಶುರು ಮಾಡಿದಳು, ಶುರು ಮಾಡಿದ ಮೇಲೆ ನಿಲ್ಲಿಸಲಿಲ್ಲ.

"ನಾನೆಂತ ಮಾಡುದು ಮಾರಾಯ್ತಿ? ನಿನ್ನ ಮಾವ ತೀರಿಹೋದ ವರ್ಷ ನೀನೇ ಹೇಳಿದ್ದು, ನಮ್ಮಲ್ಲಿ ವರ್ಷ ತನಕ ಕರಿಯುವ ಹಾಗಿಲ್ಲ ಅಂತ. ನೀವು ಕರಿಯದಿರುವಾಗ ನಾನು ಗೋಡೆ ಪಕ್ಕ ನಿಂತು ಪರಿಮಳ ಎಬ್ಬಿಸುದಾ? ಮಕ್ಕಳು ದಿನಾ ಬೈತಾರೆ, ನಮ್ಮ ಮನೆಯಲ್ಲಿ ಯಾರು ಸತ್ತದ್ದು ಅಂತ. ಒಂದು ಹಪ್ಪಳ ಸಾ ಕರಿಲಿಲ್ಲ ನಾನು!"

"ಅಯ್ಯೋ ನಿನ್ನ ಮಂಡೆಗೆ!" ವೆರೋನಿಕಾಳಿಗೆ ನಗುವೋ ಅಳುವೋ ತಿಳಿಯಲಿಲ್ಲ, ಎರಡೂ ಒಟ್ಟಿಗೆ ಬಂತು. "ನಾವು ಕರಿಬಾರ್ದು, ಅಷ್ಟೇ. ಹತ್ತಿರದವರು ಕರಿದು ತಂದು ಕೊಡ್ಬೇಕು. ಕ್ರಮವೇ ಹಾಗೆ."

"ಅದನ್ನು ನೀನು ಹೇಳಿದ್ದೆಯಾ? ಅರ್ಧ ಹೇಳಿ ಬಿಟ್ಟವಳು ನೀನು, ಹಪ್ಪಳ ಬಿಟ್ಟವಳು ನಾನು."

"ಮತ್ತೆ ನಿನ್ನ ತಟ್ಟೆ ನನ್ನಲ್ಲೇ ಉಳಿಯಿತಲ್ಲ..."

"ಅದೇ. ಹೋದ ತಟ್ಟೆ ಬಾರದೆ ಇನ್ನೊಂದು ಕಳಿಸಿದ್ರೆ, ಮೊದಲಿನದ್ದು ಕೊಡು ಅಂತ ಕೇಳಿದ ಹಾಗೆ ಆಗ್ತದೆ. ಇವಳಿಗೆ ಅಮ್ಮ ಹೋದ ದುಃಖ, ನಾನು ತಟ್ಟೆ ಕೇಳುದಾ ಅಂತ ಸುಮ್ಮನಿದ್ದೆ."

"ಮನೆ ಬಿಡುವ ಸುದ್ದಿಗೂ ಸುಮ್ಮನಿದ್ದೆ. ಅದನ್ನು ನಾನು ಯೂಜಿನ್ ಬಾಯಿಂದ ಕೇಳ್ಬೇಕಾಯ್ತು."

ಮುನೀರಾ ಬಿಸ್ಕೆಟುಗಳ ಕಡೆ ನೋಡಿದಳು. "ಹೇಳ್ಬೇಕು ಅಂತ ಗೋಡೆ ಹತ್ತಿರ ಬಂದದ್ದೇ ಬಂದದ್ದು. ಅಮ್ಮನೂ ಹೋದ್ರು, ನಾನೂ ಹೋಗ್ತೇನೆ ಅಂತ ಯಾವ ಬಾಯಲ್ಲಿ ಹೇಳುದು?" ಎಂದಳು. ಈ ಸಲ ಅವಳ ಕಣ್ಣೂ ತುಂಬಿತು.

ವೆರೋನಿಕಾ ಚೀಲದಿಂದ ಟವೆಲಿನ ಗಂಟು ತೆಗೆದಳು. ತಟ್ಟೆಯ ಹಸಿರು ಬಳ್ಳಿ ಕಂಡದ್ದೇ ತಡ, ಮುನೀರಾ ಅಳುವುದನ್ನು ಬಿಟ್ಟು ನಗಲು ಶುರುವಿಟ್ಟಳು. "ಇದನ್ನು ಮಾರ್ಕೆಟ್ಟಿಗೆ ಹೊತ್ತುಕೊಂಡು ಬಂದದ್ದಾ? ಅಲ್ಲ ಬಾಯಮ್ಮಾ, ನೀನು ಮಾತ್ರ!"

"ತುಂಬಿಸಿ ಕೊಡುವ ಅಂತ. ಮಾರ್ಕೆಟ್ ಇಡೀ ಸುತ್ತಿದೆ, ಹಾಕ್ಲಿಕ್ಕೆ ಎಂತದೂ ಸಿಗ್ಲಿಲ್ಲ. ಖಾಲಿ ಕೊಡ್ಲಿಕ್ಕೆ ಕೈ ಬರುದಿಲ್ಲ."

"ಕೊಡು ಇಲ್ಲಿ."

ಮುನೀರಾ ತಟ್ಟೆ ಕಸಿದುಕೊಂಡು ಅಂಗಡಿಯ ಹಲಗೆಯ ಮೇಲಿಟ್ಟಳು. ನಕ್ಷತ್ರಗಳು, ಮನುಷ್ಯರು, ನಡುವೆ ಒಂದು ಮನೆ, ಹೀಗೆ ಬಳ್ಳಿ ಮುಚ್ಚುವ ತನಕ ಜೋಡಿಸಿದಳು. ಫಿಲಿಪಿನೋ ಹುಡುಗಿ ಪೆಟ್ಟಿಗೆ ಹಿಡಿದುಕೊಂಡು ಬಾಯಿ ಬಿಟ್ಟು ನೋಡುತ್ತಿದ್ದಳು. ತುಂಬಿದ ತಟ್ಟೆಯ ಮೇಲೆ ಟವೆಲು ಹೊದಿಸಿ, ಮುನೀರಾ ಅದನ್ನು ವೆರೋನಿಕಾಳ ಕೈಗೇ ವಾಪಸಿಟ್ಟಳು.

"ಹ್ಯಾಪಿ ಕ್ರಿಸ್‌ಮಸ್. ಪುನಃ ನಿನ್ನ ಸರದಿಯೇ ಈಗ. ವರ್ಷ ಕಳೀಲಿ, ನೆವ್ರಿ ಮಾಡು, ಇದರಲ್ಲಿ ತುಂಬಿಸಿಕೊಂಡು ಅಲ್ ಮುಂತಜಾಕ್ಕೆ ಬಾ. ಖಾಲಿ ತಂದ್ರೆ ಬಾಗಿಲು ತೆಗಿಯುದಿಲ್ಲ, ಹೇಳಿದ್ದೇನೆ."

ವೆರೋನಿಕಾಳಿಗೆ ಎಷ್ಟೋ ತಿಂಗಳ ಮೇಲೆ ಎದೆ ಹಗುರಾಯಿತು. ತಟ್ಟೆ ಮಾತ್ರ ಭಾರವಾಗಿತ್ತು, ಕೈ ನೋಯುತ್ತಿದ್ದರೂ ಅದನ್ನು ಯಾರಿಗೂ ಹಿಡಿಯಲು ಕೊಡಲಿಲ್ಲ.

ಹಿಂದಿರುಗುವಾಗ ಕಾರಿನಲ್ಲಿ ಎಡ್ನಾಳ ಫೋನ್ ಬಂತು. "ಹೇಗಿತ್ತು? ಹೋದದ್ದು ವರ್ತ್ ಆಯ್ತಾ?"

ಯೂಜಿನ್ ಬಾಯಲ್ಲಿ ಬಿಸ್ಕೆಟಿನ ಮನುಷ್ಯನ ಒಂದು ಕಾಲಿತ್ತು. "ದಂಡ ಮಾರಾಯ್ತಿ. ಬಿಸ್ಕೆಟು ಹೆಂಚಿನ ಹಾಗೆ ಉಂಟು, ಹಲ್ಲು ಹೋಗ್ತದೆ," ಎಂದು ಇನ್ನೊಂದು ಕಾಲಿಗೆ ಕೈ ಹಾಕಿದ. "ಬರುವ ವರ್ಷ ನೀನೂ ಬಾ. ಒಟ್ಟಿಗೆ ಹೋಗುವ."

ದುಖಾನ್ ತಲುಪುವಾಗ ಹೊತ್ತು ಮುಳುಗಿತ್ತು ಅಷ್ಟೆ. ಮೊಯ್ದಿನ್‌ನ ಕಾರು ಆಗಲೇ ಬಂದು ನಿಂತಿತ್ತು. ವೆರೋನಿಕಾ ತಟ್ಟೆಯನ್ನು ಮೇಜಿನ ಮೇಲಿಟ್ಟು ಕಿಟಕಿ ತೆಗೆದದ್ದೇ, ಕಾದ ಎಣ್ಣೆಯ ಪರಿಮಳ ಒಳಗೆ ನುಗ್ಗಿತು. ಚುರ್ ಎಂದು ಬಾಣಲೆಗೆ ಏನೋ ಬಿದ್ದ ಸದ್ದು. ಅವಳು ಕಣ್ಣು ಮುಚ್ಚಿ ನಿಂತಳು. ಅಮ್ಮನ ನೆನಪಾಯಿತು. ಈ ಸಲ ಆ ನೆನಪಿಗೆ ಅಳು ಬರಲಿಲ್ಲ, ಹಸಿವಾಯಿತು.

"ಬಾಯಮ್ಮಾ!" ಗೋಡೆಯಾಚೆಯಿಂದ ಕೂಗು. "ಸಮೋಸ ಬಿಸಿ ಉಂಟು! ಆ ತಟ್ಟೆ ಖಾಲಿಯಾದ್ರೆ ಕೊಡು, ಹಾಕಿ ಕೊಡ್ತೇನೆ!"

ವೆರೋನಿಕಾ ತಟ್ಟೆಯ ಕಡೆ ನೋಡಿದಳು. ಅದರಲ್ಲಿ ಒಂದು ಮನೆ, ನಾಲ್ಕಾರು ನಕ್ಷತ್ರ ಮಾತ್ರ ಉಳಿದಿದ್ದವು. ಎರಡೂ ಕೈ ಬೀಸಿಕೊಂಡು ಗೋಡೆಯ ಹತ್ತಿರ ಓಡಿದಳು.

"ಬೇರೆ ತಟ್ಟೆಯಲ್ಲಿ ಕೊಡು ಮಾರಾಯ್ತಿ! ಅದನ್ನು ಈಗ ಕೊಡುದಿಲ್ಲ, ಅಲ್ ಮುಂತಜಾಕ್ಕೇ ತರ್ತೇನೆ!"